ಗಂಗೆಯ ಷಾರ್ಕ್ ಮೀನು ಮತ್ತು ಅದರ ಅಪಕೀರ್ತಿ

ಭಗವದ್ಗೀತೆಯ ಹತ್ತನೆಯ ಅಧ್ಯಾಯದ ಒಂದೇ ಶ್ಲೋಕದಲ್ಲಿ ಮತ್ಸ್ಯಗಳೊಳಗೆ ಮಕರವೂ ನದಿಗಳೊಳಗೆ ಜಾಹ್ನವಿಯೂ ಭಗವದ್ವಿಭೂತಿಗಳಾಗಿ ಎಣಿಸಲ್ಪಟ್ಟಿವೆ. ದೇವಾಲಯಗಳಲ್ಲಿ ಗಂಗಾದೇವಿಯು ಮಕರವಾಹನೆಯಾಗಿ ನಿಂತಿರುವುದು ಎಲ್ಲರಿಗೂ ಪರಿಚಿತವೇ. ಶಿಲ್ಪಿಗಳ ಮಕರವು ಆನೆ, ಮೊಸಳೆ, ಮೀನು ಮೊದಲಾದವುಗಳ ಅವಯವಗಳನ್ನು ಕೂಡಿಸಿದ ಕಲ್ಪನಾಸೃಷ್ಟಿಯಾದುದರಿಂದ ಅದನ್ನು ಯಾವುದೊಂದು ಪ್ರಾಣಿಯೆಂದು ನಿರ್ಣಯಿಸುವುದು ಯುಕ್ತವಲ್ಲ. ಆದರೆ ಕಡಲಿಗೇ ಸಲ್ಲತಕ್ಕದ್ದೆಂದು ಜನರೆಣಿಸುವ ಷಾರ್ಕ್ ಕುಲದ ಒಂದು ಮೀನು ಗಂಗೆಯಲ್ಲಿ ಉಂಟೆಂಬುದು ಕಲ್ಪನೆಯಲ್ಲ. ಅದರ ಚರಿತ್ರೆಯು ಹೆಸರೊಂದರಿಂದ ಉಂಟಾದ ಅನ್ಯಾಯದ ಚರಿತ್ರೆಯಾಗಿದೆ.

1839ರಲ್ಲಿ ಮುಲ್ಲರ್ ಮತ್ತು ಹೆನ್ಲೆ ಎಂಬ ಜರ್ಮನ್ ಪಂಡಿತರು ಹೂಗ್ಲಿಯ ಕಡೆಯಲ್ಲಿ ದೊರೆತ ಈ ಮೀನನ್ನು ವರ್ಣಿಸಿ, ನದಿಯ ಹೆಸರನ್ನೇ ಸೇರಿಸಿ ‘ಗ್ಯಾಂಜೆಟಿಕಸ್’ ಎಂದು ನಾಮಕರಣ ಮಾಡಿದರು. ಅದೇ ಗ್ರಂಥದಲ್ಲಿ ವೆಸ್ಟ್ ಇಂಡೀಸಿನ ಮತ್ತೊಂದು ಷಾರ್ಕ್ ಮೀನಿನ ವರ್ಣನೆಯೂ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ‘ಬುಲ್ ಷಾರ್ಕ್’, ಎಂದರೆ ಗೂಳಿ ಷಾರ್ಕ್, ಎಂದು ಪ್ರಸಿದ್ಧವಾದುದು ಇದೇ. ಹೀಗೆ ಒಂದೇ ಹೊತ್ತಗೆಯಲ್ಲಿ ಜನಿಸಿದ ಎರಡು ಹೆಸರುಗಳು ಮುಂದೆ ಬಹುಕಾಲ ಒಂದರೊಡನೊಂದು ತೊಡಕಿಕೊಂಡವು.

ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದು ಮತ್ಸ್ಯಶಾಸ್ತ್ರದಲ್ಲಿ ಪ್ರಖ್ಯಾತನಾದ ಫ್ರಾನ್ಸಿಸ್ ಡೇ ಎಂಬಾತನು ಭಾರತದ ಮೀನುಗಳನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಗಂಗೆಯ ಷಾರ್ಕ್ ಅತಿ ಕ್ರೂರವೆಂದೂ, ಭರತದ ನೀರು ಮುಟ್ಟುವ ಎಲ್ಲೆಯನ್ನು ಮೀರಿ ನದಿಯಲ್ಲಿ ಏರಿ ಬಂದು ಸ್ನಾನಮಾಡುವವರ ಮೇಲೆ ಬೀಳುವುದೆಂದೂ ಬರೆದನು. ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಸಿದ್ಧಾಂತವಾಯಿತು. ಗೂಳಿ ಷಾರ್ಕೂ ಅದೇ ನೀರಿಗೆ ಬರಬಲ್ಲುದೆಂಬುದನ್ನು ಬಹುಮಂದಿ ಗಮನಿಸಲಿಲ್ಲ.

ಕಡಲಿನ ಷಾರ್ಕ್ ಮೀನುಗಳ ರಕ್ತದಲ್ಲಿ ಯೂರಿಯವು ಹೇರಳವಾಗಿರುತ್ತದೆ. ಸಿಹಿನೀರಿಗೆ ಬಂದೊಡನೆ ಹೊರಗಿನ ನೀರು ಅವುಗಳ ಶರೀರದೊಳಕ್ಕೆ ಎಡೆಬಿಡದೆ ಸೇರತೊಡಗುವುದು. ಹೆಚ್ಚಿನ ಜಾತಿಗಳು ಇದನ್ನು ತಾಳಲಾರವು. ಗೂಳಿ ಷಾರ್ಕ್ ಮಾತ್ರ ರಕ್ತದ ಯೂರಿಯವನ್ನು ತಗ್ಗಿಸಿಕೊಂಡು, ತಿಳಿಯಾದ ಮೂತ್ರವನ್ನು ವಿಶೇಷವಾಗಿ ವಿಸರ್ಜಿಸುತ್ತ ಬದುಕಬಲ್ಲುದು. ಅಮೆಜಾನ್ ನದಿಯಲ್ಲಿ ಅದು ಸಮುದ್ರದಿಂದ 3,500 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ದೊರೆತಿದೆ.

ಮಧ್ಯ ಅಮೆರಿಕದ ನಿಕರಾಗುವ ಸರೋವರದಲ್ಲಿ ನಡೆದ ಪ್ರಮಾದವು ಇದಕ್ಕೆ ವಿಪರೀತವಾದುದು. ಅಲ್ಲಿಯ ಷಾರ್ಕ್ ಮೀನಿಗೆ 1877ರಲ್ಲಿ ಪ್ರತ್ಯೇಕ ಜಾತಿಯೆಂದು ಹೆಸರಿಟ್ಟರು. ಅದು ಗೂಳಿ ಷಾರ್ಕೇ ಎಂದು 1961ರಲ್ಲಿ ನಿರ್ಧಾರವಾಯಿತು. ಬಳಿಕ ಮೀನುಗಳಿಗೆ ಗುರುತುಪಟ್ಟಿಗಳನ್ನು ಕಟ್ಟಿಬಿಟ್ಟು ಪರೀಕ್ಷಿಸಲಾಗಿ, ಅವು ಸಾನ್ ಹ್ವಾನ್ ನದಿಯ ಮೂಲಕ ಕಡಲಿಗೂ ಸರೋವರಕ್ಕೂ ಹೋಗಿಬರುತ್ತಿದ್ದುದು ತಿಳಿದುಬಂದಿತು. ಅಲ್ಲಿ ಒಂದನ್ನು ಎರಡೆಂದರು. ಗಂಗೆಯಲ್ಲಿ ಎರಡನ್ನು ಒಂದೆಂದರು.

ಗಂಗೆಯ ಷಾರ್ಕ್ ಮೀನಿನ ಕಣ್ಣುಗಳು ಅತಿ ಚಿಕ್ಕವು. ಬೆನ್ನಿನ ಎರಡನೆಯ ಈಜುರೆಕ್ಕೆಯು ಮೊದಲನೆಯದರ ಅರ್ಧದಷ್ಟು ಎತ್ತರವಾಗಿರುವುದು. ಗೂಳಿ ಷಾರ್ಕಿನಲ್ಲಿ ಅದು ಇನ್ನೂ ಗಿಡ್ಡ. ಕೆಳದವಡೆಯ ಹಲ್ಲುಗಳು ನೀಳವಾಗಿವೆ. ಹಲ್ಲುಗಳ ರಚನೆಯನ್ನು ಪರಿಶೀಲಿಸಿದ ಕಂಪಾನೊ ಎಂಬ ವಿದ್ವಾಂಸನು ಇದು ಮುಖ್ಯವಾಗಿ ಮೀನುಗಳನ್ನೇ ತಿನ್ನತಕ್ಕದ್ದೆಂದೂ, ಇದರ ಮೇಲೆ ಹೊರಿಸಿದ ನರಹತ್ಯೆಗಳಲ್ಲಿ ಅನೇಕವು ಗೂಳಿ ಷಾರ್ಕಿನವಾಗಿರಬಹುದೆಂದೂ ಅಭಿಪ್ರಾಯಪಟ್ಟನು. ವಿಚಿತ್ರವೇನೆಂದರೆ, ಇಷ್ಟು ಕುಖ್ಯಾತವಾದ ಈ ಪ್ರಾಣಿಯನ್ನು ಶಾಸ್ತ್ರಜ್ಞರು ಹತ್ತೊಂಬತ್ತನೆಯ ಶತಮಾನದ ಮೂರೇ ಮಾದರಿಗಳಿಂದ ಬಹುಕಾಲ ಅರಿತಿದ್ದರು.

ಅಪರಾಧದ ವಿಚಾರಣೆ ಮುಗಿಯುವಷ್ಟರಲ್ಲಿ ಅಪರಾಧಿಯೇ ಕಣ್ಮರೆಯಾಗುವ ಸ್ಥಿತಿಯೊದಗಿತು. ನದಿಗೆ ಕಟ್ಟಿದ ಅಣೆಕಟ್ಟುಗಳು, ಮಿತಿಮೀರಿದ ಮೀನುಬೇಟೆ, ನೀರಿನ ಮಾಲಿನ್ಯ ಇವು ಅದರ ಬಾಳಿಗೆ ಕುತ್ತಾದವು. 2001ರಲ್ಲಿ ಭಾರತ ಸರ್ಕಾರವು ವನ್ಯಜೀವಿ ಸಂರಕ್ಷಣೆಯ ಕಾನೂನಿನ ಮೊದಲನೆಯ ಅನುಸೂಚಿಯಲ್ಲಿ ಅದನ್ನು ಸೇರಿಸಿತು. 2016ರಲ್ಲಿ ಮುಂಬಯಿಯ ಸಾಸೂನ್ ಡಾಕಿಗೆ 266 ಸೆಂಟಿಮೀಟರ್ ಉದ್ದದ ಒಂದು ಹೆಣ್ಣುಮೀನು ಬಂದುದನ್ನು ಶೋಧಕರು ಗುರುತಿಸಿದರು. ಗಂಗೆಯ ಹೆಸರು ಹೊತ್ತ ಮೀನು ಪಶ್ಚಿಮ ಕರಾವಳಿಯಲ್ಲಿ ಕಾಣಿಸಿದುದರಿಂದ, ಅದರ ನೆಲೆಯು ಹೆಸರು ಹೇಳುವುದಕ್ಕಿಂತ ವಿಶಾಲವಾದುದೆಂಬುದು ಸ್ಪಷ್ಟವಾಯಿತು.

ಕ್ರೂರವೆಂದು ಕರೆಯಲ್ಪಟ್ಟ ಪ್ರಾಣಿಯು ಅಳಿದರೆ ಮರುಗುವವರು ವಿರಳ. ಆದುದರಿಂದ ಎರಡು ಮೀನುಗಳ ಭೇದವನ್ನು ತಿಳಿಯುವುದು ಪಂಡಿತರ ವಿನೋದವಷ್ಟೇ ಅಲ್ಲ. ಸರಿಯಾದ ಹೆಸರಿನಿಂದ ಕರೆಯುವುದೇ ಈ ಜೀವಿಗೆ ಸಲ್ಲಬೇಕಾದ ಮೊದಲನೆಯ ನ್ಯಾಯ.