ಸ್ವಯಂ ಅಧ್ಯಯನ ವರದಿ: ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ

ಮಾನ್ಯತೆ ಬಯಸುವ ಕಾಲೇಜು ತನ್ನ ಪಾಠ, ಆಡಳಿತ, ಹಣಕಾಸು, ವಿದ್ಯಾರ್ಥಿಗಳ ಪ್ರಗತಿ ಇವನ್ನೆಲ್ಲ ತಾನೇ ಪರಿಶೀಲಿಸಿ ಬರೆಯುವ ದಾಖಲೆ. ಇದನ್ನು ಓದಿಕೊಂಡು ಬೇರೆ ಕಾಲೇಜುಗಳವರ ತಂಡ ಭೇಟಿ ಕೊಡುತ್ತದೆ. ಕೊನೆಯ ತೀರ್ಮಾನ ಮಾನ್ಯತಾ ಆಯೋಗದ್ದು. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕಚೇರಿಯಿರುವ ಭಾರತದ ಮಾನ್ಯತಾ ಸಂಸ್ಥೆ ನ್ಯಾಕ್ ನಮ್ಮ ಕಾಲೇಜುಗಳಿಂದ ಕೇಳುತ್ತ ಬಂದ ಎಸ್‌ಎಸ್‌ಆರ್ (ಸ್ವಯಂ ಅಧ್ಯಯನ ವರದಿ) ಕೂಡ ಇದೇ ಬಗೆಯದು.

ಸ್ವಯಂ ಅಧ್ಯಯನವು ಮಾನ್ಯತೆಯಷ್ಟೇ ಹಳೆಯದಲ್ಲ. ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಸಮುದಾಯ ಕಾಲೇಜುಗಳಲ್ಲಿ ಅತಿ ಹಳೆಯದಾದ ಜೋಲಿಯೆಟ್ ಜೂನಿಯರ್ ಕಾಲೇಜು ಇಲಿನಾಯ್‌ನಲ್ಲಿ 1901ರಲ್ಲಿ ಆರಂಭವಾಯಿತು. ಮುಂದಿನ ಕೆಲವು ದಶಕ ಮಾನ್ಯತೆಯೆಂದರೆ ಹೊರಗಿನವರು ಎಣಿಸುವ ಕೆಲಸ: ಗ್ರಂಥಾಲಯದಲ್ಲಿ ಪುಸ್ತಕ ಎಷ್ಟು, ಅಧ್ಯಾಪಕರ ಪದವಿ ಯಾವುದು, ಆದಾಯ ಎಷ್ಟು. ಮಾನ್ಯತೆ ನೀಡುವ ಸಂಸ್ಥೆಯಾದ ನಾರ್ತ್ ಸೆಂಟ್ರಲ್ ಅಸೋಸಿಯೇಷನ್ 1934ರಲ್ಲಿ ಈ ಎಣಿಕೆಯನ್ನು ಹಿಂದೆ ಸರಿಸಿ, ಕಾಲೇಜು ತಾನೇ ಹೇಳಿಕೊಂಡ ಗುರಿಗಳಿಂದ ಅದನ್ನು ಅಳೆಯತೊಡಗಿತು. ಸ್ವಯಂ ಅಧ್ಯಯನ ರೂಢಿಗೆ ಬಂದದ್ದು 1950ರ ದಶಕದಲ್ಲಿ. ಅದೇ ಹೊತ್ತಿಗೆ, ಕೊರಿಯಾ ಯುದ್ಧದ ಸೈನಿಕರಿಗಾಗಿ ಬಂದ 1952ರ ಕಾಯ್ದೆ, ಬಳಿಕ 1965ರ ಉನ್ನತ ಶಿಕ್ಷಣ ಕಾಯ್ದೆ ಸರ್ಕಾರದ ನೆರವನ್ನು ಮಾನ್ಯತೆಯೊಂದಿಗೆ ಗಂಟು ಹಾಕಿದವು. ತನ್ನ ಕುಂದನ್ನು ಬಿಚ್ಚಿ ಹೇಳಬೇಕಾದ ವರದಿಯನ್ನೇ ವಿದ್ಯಾರ್ಥಿಗಳ ನೆರವು ನೆಚ್ಚಿಕೊಂಡಿತು. ಮುಂದಿನ ಜಗಳಗಳ ಬೇರು ಇಲ್ಲಿದೆ.

ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳನ್ನು ನೋಡಿಕೊಳ್ಳುವ ಆಯೋಗ ಎಸಿಸಿಜೆಸಿ 1962ರದು. ಅದರ 2002ರ ಮಾನದಂಡಗಳು ಕಲಿಕೆಯ ಫಲಿತಾಂಶವನ್ನು ಮುಂದೆ ತಂದವು.

ಇದೇ ಆಯೋಗದೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಕಾಲೇಜಿಗೆ ನಡೆದ ಜಗಳವನ್ನು ಹಣದ ಮುಗ್ಗಟ್ಟಿನ ಕಥೆಯಾಗಿ ಮಾತ್ರ ಹೇಳುವುದುಂಟು. ಮುಗ್ಗಟ್ಟು ನಿಜ, ಆದರೆ ದಾಖಲೆಗಳನ್ನು ಓದಿದರೆ ಜಗಳದ ನಡುವೆ ಒಂದು ಪದವೂ ಕಾಣುತ್ತದೆ: 'ಶಿಫಾರಸು'. 2006ರ ಪರಿಶೀಲನೆ ಕಾಲೇಜಿಗೆ ಎಂಟು ಶಿಫಾರಸು ಕೊಟ್ಟಿತ್ತು. 2012ರಲ್ಲಿ ಅವು 14 ಆದವು, ಜೊತೆಗೆ ಮಾನ್ಯತೆಯನ್ನು ಏಕೆ ಹಿಂಪಡೆಯಬಾರದೆಂದು ಕಾರಣ ಕೇಳುವ ನೋಟಿಸೂ ಬಂತು. 2013ರ ಜುಲೈನಲ್ಲಿ, ಒಂದು ವರ್ಷದ ಬಳಿಕ ಮಾನ್ಯತೆ ರದ್ದು ಎಂಬ ತೀರ್ಮಾನವಾಯಿತು. ಆದರೆ ಆಯೋಗದ ಭಾಷೆಯಲ್ಲಿ ಶಿಫಾರಸು ಎಂದರೆ ಮೇಲ್ಮೆಗಾಗಿ ಕೊಟ್ಟ ಸಲಹೆಯೋ, ಸರಿಪಡಿಸಲೇಬೇಕಾದ ಲೋಪವೋ ಎಂಬುದು ಸ್ಪಷ್ಟವಿರಲಿಲ್ಲ. ಅಮೆರಿಕದ ಶಿಕ್ಷಣ ಇಲಾಖೆಯೇ 2013ರ ಆಗಸ್ಟ್‌ನಲ್ಲಿ ಈ ಗೊಂದಲವನ್ನು ಎತ್ತಿ ತೋರಿಸಿತು. ಭೇಟಿ ತಂಡದಲ್ಲಿ ಅಧ್ಯಾಪಕರು ಸಾಲದೆಂದೂ ಹೇಳಿತು. ಸಲಹೆಯೆಂದುಕೊಂಡು ನಿಧಾನಿಸಿದ ಕಾಲೇಜಿಗೆ ಅದೇ ಸಾಲು ಆರು ವರ್ಷದ ಮೇಲೆ ಆರೋಪವಾಗಿ ಮರಳಬಹುದು ಎಂದರೆ, ಸಾವಿರಾರು ವಿದ್ಯಾರ್ಥಿಗಳ ಓದು ಒಂದು ಪದದ ಅರ್ಥಕ್ಕೆ ಜೋತುಬಿದ್ದಂತೆ. ಇದನ್ನು ಬರಿಯ ಪರಿಭಾಷೆಯ ಪ್ರಶ್ನೆಯೆಂದು ತಳ್ಳಿಹಾಕಲಾಗದು.

ನಗರದ ಸರ್ಕಾರಿ ವಕೀಲ ಡೆನಿಸ್ ಹೆರೆರಾ ಆಯೋಗದ ಮೇಲೆ ದಾವೆ ಹೂಡಿದರು. 2014ರ ಜನವರಿಯಲ್ಲಿ ನ್ಯಾಯಾಧೀಶ ಕರ್ಟಿಸ್ ಕಾರ್ನೋ ರದ್ದತಿಗೆ ತಡೆ ಕೊಟ್ಟರು. ಮರುವರ್ಷದ ತೀರ್ಪಿನಲ್ಲಿ, ಭೇಟಿ ತಂಡ ಹೇಳದ ಲೋಪಗಳನ್ನು ಆಯೋಗ ತಾನೇ ಸೇರಿಸಿ, ಉತ್ತರಿಸಲು ಕಾಲೇಜಿಗೆ ಅವಕಾಶ ಕೊಡದಿದ್ದುದು ತಪ್ಪೆಂದರು. ಹಾಗೆಂದು ಕಾಲೇಜಿನಲ್ಲಿ ಕುಂದೇ ಇರಲಿಲ್ಲ ಎನ್ನಲಿಲ್ಲ. 2017ರ ಜನವರಿಯಲ್ಲಿ ಕಾಲೇಜಿಗೆ ಏಳು ವರ್ಷದ ಪೂರ್ಣ ಮಾನ್ಯತೆ ಸಿಕ್ಕಿತು.

ಆ ಬಳಿಕ ಆಯೋಗವು ಪರಿಶೀಲನೆಯನ್ನು ಎರಡು ಹಂತ ಮಾಡಿದೆ. ತಂಡ ಮೊದಲು ವರದಿಯನ್ನು ಕೂತಲ್ಲಿಂದಲೇ ಓದಿ, ತನ್ನ ಪ್ರಶ್ನೆಗಳನ್ನು ಬರೆದು ಕಳಿಸುತ್ತದೆ. ಅವಕ್ಕೆ ಉತ್ತರ ಹೊಂದಿಸಿಕೊಳ್ಳಲು ಕಾಲೇಜಿಗೆ ಕಾಲಾವಕಾಶ ಕೊಟ್ಟ ಮೇಲೆಯೇ ಭೇಟಿ ನಡೆಯುತ್ತದೆ.