ಸಾಂಬ್ರಾ ರನ್‌ವೇಯ ಎರಡು ತುದಿ

ಬೆಳಗಾವಿ ನಗರದಿಂದ ಪೂರ್ವಕ್ಕೆ ಹತ್ತು ಕಿಲೋಮೀಟರ್ ದೂರದ ಸಾಂಬ್ರಾದಲ್ಲಿ ರನ್‌ವೇ ಹುಟ್ಟಿದ್ದು ಪ್ರಯಾಣಿಕರಿಗಾಗಿ ಅಲ್ಲ. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಬ್ರಿಟಿಷ್ ವಾಯುಪಡೆ ಅದನ್ನು ಕಟ್ಟಿತು. 1961ರ ಡಿಸೆಂಬರ್‌ನಲ್ಲಿ, ಖಾನಾಪುರದ ಕಾಡಿನಾಚೆಯ ಗೋವಾದ ವಿಮೋಚನೆಗೆ ಭಾರತೀಯ ವಾಯುಪಡೆ ಇದನ್ನೂ ನೆಲೆಯಾಗಿಸಿಕೊಂಡಿತು. ವಾಯುಸೈನಿಕರ ತರಬೇತಿ ಶಾಲೆ ಇಂದಿಗೂ ಪಕ್ಕದಲ್ಲೇ ಇದೆ.

2017ರ ಸೆಪ್ಟೆಂಬರ್ 14ರಂದು ಪ್ರಯಾಣಿಕರಿಗಾಗಿ ಹೊಸ ಟರ್ಮಿನಲ್ ತೆರೆಯಿತು. ರನ್‌ವೇ 2,300 ಮೀಟರ್‌ಗೆ ಬೆಳೆದಿತ್ತು.

ಎಷ್ಟು ಬೆಳೆದರೂ ಪಟ್ಟಿ ಒಂದೇ, ಹೆಸರು ಎರಡು. ಪೂರ್ವಕ್ಕೆ ಮುಖ ಮಾಡಿ ಇಳಿದರೆ 08, ಪಶ್ಚಿಮಕ್ಕಾದರೆ 26. ದಿಕ್ಸೂಚಿಯ 80 ಮತ್ತು 260 ಡಿಗ್ರಿಗಳ ಮೊಟಕು ರೂಪ ಅವು. ಗಾಳಿಯ ದಿಕ್ಕು ನೋಡಿ ಯಾವ ತುದಿಯೆಂದು ನಿರ್ಧರಿಸುತ್ತಾರೆ. 2021ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬಂದ ಸ್ಪೈಸ್‌ಜೆಟ್ ವಿಮಾನಕ್ಕೆ 26ರಲ್ಲಿ ಇಳಿಯಲು ಅನುಮತಿ ಸಿಕ್ಕಿತ್ತು. ಅದು ಇಳಿದದ್ದು 08ರಲ್ಲಿ! ಅದೃಷ್ಟವಶಾತ್ ಯಾರಿಗೂ ಏನೂ ಆಗಲಿಲ್ಲ. ಆದರೆ ಅದೇ ಕ್ಷಣದಲ್ಲಿ ಎದುರು ತುದಿಯಿಂದ ಇನ್ನೊಂದು ವಿಮಾನ ಮೇಲೇರಲು ಓಡುತ್ತಿದ್ದರೆ?

ಅಂಥದೊಂದು ಘೋರ ದುರಂತ ಜಗತ್ತಿಗೆ ಗೊತ್ತಿದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ, ಮಂಜು ಮುಸುಕಿದ ಒಂದೇ ರನ್‌ವೇಯ ಮೇಲೆ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ನಿಯಂತ್ರಣ ಗೋಪುರದ ಮಾತನ್ನು ಪೈಲಟ್ ತಪ್ಪಾಗಿ ಗ್ರಹಿಸಿದ್ದು ಮುಖ್ಯ ಕಾರಣಗಳಲ್ಲೊಂದು. ಅಂದಿನಿಂದ ರೇಡಿಯೊ ಸಂಭಾಷಣೆಯ ನಿಯಮಗಳು ಬಿಗಿಯಾದವು. ಅನುಮತಿಯನ್ನು ಪೈಲಟ್ ಮರಳಿ ಉಚ್ಚರಿಸುವುದು, ಅದನ್ನು ನಿಯಂತ್ರಕರು ಆಲಿಸಿ ಖಚಿತಪಡಿಸಿಕೊಳ್ಳುವುದು ಕೇವಲ ಔಪಚಾರಿಕತೆಯಲ್ಲ.

ಬೆಳಗಾವಿಯ ಪ್ರಕರಣದಲ್ಲಿ ಇಬ್ಬರೂ ಪೈಲಟ್‌ಗಳನ್ನು ಹಾರಾಟದ ಪಾಳಿಯಿಂದ ದೂರವಿಟ್ಟು ತನಿಖೆ ಕೈಗೊಳ್ಳಲಾಯಿತು.