ಮಲಪ್ರಭಾ ಸೀಮೆಯ ಮಣ್ಣಿನ ನಕ್ಷೆ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳ ಮಣ್ಣಿನ ಹಂಚಿಕೆಯನ್ನು ಮುಖ್ಯವಾಗಿ ಮಳೆ ಮತ್ತು ಅಡಿಯ ಕಲ್ಲು ನಿರ್ಧರಿಸಿವೆ. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ. ಘಟ್ಟದ ಸೆರಗಿನ ಕಿತ್ತೂರಿನ ಕಡೆ ಕೆಂಪು ಮಣ್ಣು, ಕಾಡು, ಭತ್ತ. ಬೈಲಹೊಂಗಲ, ಸವದತ್ತಿಯ ಬಯಲಲ್ಲಿ ಎರೆಭೂಮಿ. ಎರೆಯ ಜೇಡಿ ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲ್ಮಣ್ಣು ಬಿರುಕಿಗೆ ಉದುರಿ ನೆಲ ತಾನೇ ಮಗುಚಿಕೊಳ್ಳುತ್ತದೆ. ಅದು ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ, ಕಡಲೆ ಬರುತ್ತವೆ. ರಾಮದುರ್ಗದತ್ತ ಮರಳುಗಲ್ಲಿನ ಗುಡ್ಡಗಳ ಮೇಲೆ ಮಣ್ಣು ತೆಳು, ಕುರುಚಲು ಗಿಡಗಳೇ ಹೆಚ್ಚು.

ಇಂಥ ಮಣ್ಣಿನ ನಕ್ಷೆ ತಯಾರಿಸಲು ಸಮೀಕ್ಷಕರು ಗುಂಡಿ ತೋಡಿ ಪದರ ನೋಡುತ್ತಾರೆ, ಬಣ್ಣವನ್ನು ಮನ್ಸೆಲ್ ಪಟ್ಟಿಗೆ ಹೋಲಿಸುತ್ತಾರೆ, ಆಮ್ಲದ ಹನಿ ಹಾಕುತ್ತಾರೆ: ನೊರೆ ಬಂದರೆ ಸುಣ್ಣವಿದೆ. ರಾಜ್ಯಮಟ್ಟದ ಸಮೀಕ್ಷೆಯ ನಕ್ಷೆಯ ಪ್ರಮಾಣ 1:2,50,000, ಒಂದು ಸೆಂ.ಮೀ.ಗೆ ಎರಡೂವರೆ ಕಿ.ಮೀ. ಆದ್ದರಿಂದ ಒಬ್ಬ ರೈತನ ಹೊಲ ಅದರಲ್ಲಿ ಕಾಣದು.